ಎಂಜಿನ್ +4 ಅನ್ನುತ್ತಿದೆ, ಆಟ ಮಾತ್ರ ಡ್ರಾ: ಎಂಡ್‌ಗೇಮ್ ಅಂಕಿ ಕೈಕೊಟ್ಟಾಗ ಎಲ್ಲೆಲ್ಲಿ ನೋಡಬೇಕು

ಚೆಸ್ ಟೂರ್ನಮೆಂಟ್ ಮುಗಿಸಿ ಬಂದ ಹುಡುಗನೊಬ್ಬ ಸಪ್ಪೆ ಮುಖ ಮಾಡಿಕೊಂಡು ನನ್ನ ಮುಂದೆ ಫೋನ್ ಹಿಡಿದ. "ಸರ್, ಪ್ಲಸ್ ನಾಲ್ಕೂವರೆ ಇತ್ತು ಸರ್. ಸುಮ್ನೆ ಡ್ರಾ ಕೊಟ್ಬಿಟ್ಟೆ."

ಬಿಳಿ ರಾಜ ಎಫ್5, ಬಿಷಪ್ ಇ4, ಪಾನ್ ಎಚ್5. ಕಪ್ಪು ಕಡೆ ಎಚ್8ರಲ್ಲಿ ಒಂಟಿ ರಾಜ. ಯಾರ ಕೈ ಮೇಲು ಎಂದು ತೋರಿಸುವ ಪಕ್ಕದ ಬಾರ್ ಮುಕ್ಕಾಲಿಗೂ ಮೇಲೆ ಬೆಳ್ಳಗಿತ್ತು.

"ಹೌದಾ? ಹಾಗಾದ್ರೆ ಈಗ ಗೆದ್ದು ತೋರ್ಸು" ಅಂದೆ.

ಹತ್ತು ನಿಮಿಷ ಒದ್ದಾಡಿದ. ರಾಜನನ್ನು ಜಿ6ಕ್ಕೆ, ಪಾನನ್ನು ಎಚ್6ಕ್ಕೆ ತಂದು, ಬಿಷಪ್ಪನ್ನು ಡಿ5ಕ್ಕೆ ಇಟ್ಟ. ಕಪ್ಪು ರಾಜನಿಗೆ ಚೆಕ್ಕೂ ಇಲ್ಲ, ಆಡಲು ಮನೆಯೂ ಇಲ್ಲ, ಅಂದರೆ ಡ್ರಾ: ಸ್ಟೇಲ್‌ಮೇಟ್. ಹಿಂದಕ್ಕೆ ತೆಗೆದು ಪಾನನ್ನು ಎಚ್7ಕ್ಕೆ ತಳ್ಳಿದ. ಅದೂ ಸ್ಟೇಲ್‌ಮೇಟ್. ಕೊನೆಯ ಒಂದೆರಡು ನಡೆಯವರೆಗೂ ಆ ಆ್ಯಪ್ ತನ್ನ ನಾಲ್ಕೂವರೆ ಬಿಡಲಿಲ್ಲ. ಹುಡುಗ ಆಡಿದ್ದು ಸರಿ, ತಪ್ಪು ಹೇಳಿದ್ದು ಅಂಕಿ.

ಎಂಜಿನ್ ಎಂದರೆ ಸ್ಥಿತಿ ನೋಡಿ ಅಂಕಿ ಕೊಡುವ ಚೆಸ್ ಪ್ರೋಗ್ರಾಂ, ಪ್ಲಸ್ ಅಂದರೆ ಬಿಳಿ ಮುಂದೆ; ಎಂಡ್‌ಗೇಮ್ ಎಂದರೆ ಕೆಲವೇ ಕಾಯಿ ಉಳಿದ ಆಟದ ಕೊನೆಯ ಭಾಗ. ಇಂಥ ದೂರು ತಿಂಗಳಿಗೆರಡು ಬರುತ್ತವೆ. ಪ್ರತಿ ಸಲ ಅದೇ ಕ್ರಮದಲ್ಲಿ ಹುಡುಕಿ ಅಭ್ಯಾಸವಾಗಿದೆ, ಅದನ್ನೇ ಬರೆದಿಡುತ್ತಿದ್ದೇನೆ. ಕಾಯಿಗಳ ಹೆಸರಿನ ಬಗ್ಗೆ ಒಂದು ಮಾತು: ರೂಕ್ ಅನ್ನು ಕೆಲವರ ಮನೆಯಲ್ಲಿ ಆನೆ ಅನ್ನುತ್ತಾರೆ, ಕೆಲವರ ಮನೆಯಲ್ಲಿ ರಥ, ಬಿಷಪ್ ಒಂಟೆ. ಗೊಂದಲ ಬೇಡವೆಂದು ರೂಕ್, ಬಿಷಪ್, ಪಾನ್ ಅಂತಲೇ ಬರೆಯುತ್ತೇನೆ. ರಾಣಿಯನ್ನು ಮಂತ್ರಿ ಅನ್ನುವವರು ಹೊಂದಿಸಿಕೊಂಡು ಓದಿ.

ಮೊದಲು ಬೋರ್ಡ್ ನೋಡಿ, ಆಮೇಲೆ ಎಂಜಿನ್

ನನ್ನ ಬಳಿ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತವೆ. ಪುಸ್ತಕದ ಚಿತ್ರ ನೋಡಿ ಕೈಯಾರೆ ಕಾಯಿ ಜೋಡಿಸಿದಾಗ ಯಾರ ಸರದಿ ಎಂಬುದನ್ನು ಬದಲಿಸುವುದು ಮರೆತುಹೋಗುತ್ತದೆ. ಮಿಡಲ್‌ಗೇಮ್‌ನಲ್ಲಿ ಇದರಿಂದ ಅಂಕಿ ಅರ್ಧ ಪಾನಿನಷ್ಟು ಆಚೀಚೆ ಆದೀತು. ಎಂಡ್‌ಗೇಮ್‌ನಲ್ಲಿ ಫಲಿತಾಂಶವೇ ತಿರುಗಿಬಿಡುತ್ತದೆ. ಬಿಳಿ ರಾಜ ಇ5, ಬಿಳಿ ಪಾನ್ ಇ4, ಕಪ್ಪು ರಾಜ ಇ7 ಇಟ್ಟು ನೋಡಿ. ಬಿಳಿಯ ಸರದಿಯಾದರೆ ಡ್ರಾ. ಕಪ್ಪಿನ ಸರದಿಯಾದರೆ ಬಿಳಿಗೆ ಗೆಲುವು, ಏಕೆಂದರೆ ಕಪ್ಪು ರಾಜ ಪಕ್ಕಕ್ಕೆ ಸರಿದು ದಾರಿ ಬಿಡಲೇಬೇಕು. ಒಂದೇ ಒಂದು ಟಿಕ್‌ಮಾರ್ಕ್‌ನಿಂದ ಅರ್ಧ ಪಾಯಿಂಟ್ ಹೋಗುತ್ತದೆ.

ಬೋರ್ಡ್ ತಿರುಗಿಸಿ ಜೋಡಿಸಿದರೆ ಪಾನ್‌ಗಳು ಉಲ್ಟಾ ದಿಕ್ಕಿಗೆ ಓಡುತ್ತವೆ. ಒಂದು ಮನೆ ನಡೆದರೆ ರಾಣಿಯಾಗಬೇಕಿದ್ದ ಪಾನ್ ಎಂಜಿನ್ ಕಣ್ಣಿಗೆ ಇನ್ನೂ ಹೊರಟೇ ಇಲ್ಲದ ಪಾನ್ ಆಗುತ್ತದೆ. ಮೂಲೆಯ ಮನೆಗಳ ಹೆಸರನ್ನು ಬಾಯಲ್ಲಿ ಹೇಳಿಕೊಂಡೇ ಕಾಯಿ ಇಡಿ.

ಇನ್ನೊಂದು ಸಣ್ಣ ವಿಷಯವಿದೆ, ಬಹಳ ಜನ ಗಮನಿಸುವುದಿಲ್ಲ. ಇ1ರಲ್ಲಿ ರಾಜ, ಎಚ್1ರಲ್ಲಿ ರೂಕ್ ಇದ್ದರೆ ಎಷ್ಟೋ ಆ್ಯಪ್‌ಗಳು ಕ್ಯಾಸಲಿಂಗ್ (ರಾಜ, ರೂಕ್ ಒಂದೇ ನಡೆಯಲ್ಲಿ ಸರಿಯುವುದು) ಹಕ್ಕಿನ ಟಿಕ್ ಅನ್ನು ತಾವೇ ಹಾಕಿಕೊಳ್ಳುತ್ತವೆ. ಕೆಲವೇ ಕಾಯಿಗಳ ಸ್ಥಿತಿಗಳಿಗೆ ಉತ್ತರವನ್ನು ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿಗಳಲ್ಲಿ, ಅಂದರೆ ಟೇಬಲ್‌ಬೇಸ್‌ಗಳಲ್ಲಿ, ಕ್ಯಾಸಲಿಂಗ್ ಹಕ್ಕಿರುವ ಸ್ಥಿತಿಗಳೇ ಇಲ್ಲ. ಆ ಟಿಕ್ ಇರುವ ತನಕ ಸ್ಟಾಕ್‌ಫಿಶ್ ಎಂಬ ಹೆಸರಾಂತ ಎಂಜಿನ್ ಟೇಬಲ್‌ಬೇಸ್ ಕಡೆ ತಿರುಗಿಯೂ ನೋಡುವುದಿಲ್ಲ.

ಆಟದ ನಡುವಿನ ಸ್ಥಿತಿಯನ್ನು ಬರೀ ಬೋರ್ಡ್ ಆಗಿ ಬೇರೆ ಕಡೆ ಜೋಡಿಸಿದರೆ ಎರಡು ಸಂಗತಿ ಕಳಚಿಹೋಗುತ್ತವೆ: ಐವತ್ತು ನಡೆಯ ಎಣಿಕೆ (ಪಾನ್ ನಡೆಯದೆ, ಕಾಯಿ ಹೊಡೆಯದೆ ಐವತ್ತು ನಡೆಯಾದರೆ ಡ್ರಾ), ಮತ್ತು ಈ ಸ್ಥಿತಿ ಈಗಾಗಲೇ ಎಷ್ಟು ಸಲ ಬಂದಿದೆ ಎಂಬ ಲೆಕ್ಕ. "ಆಟದಲ್ಲಿ 0.00 ತೋರಿಸಿತ್ತು, ಇಲ್ಲಿ +3 ಅನ್ನುತ್ತಿದೆ" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಬೋರ್ಡ್ ಜೋಡಿಸಬೇಡಿ, ಇಡೀ ಆಟವನ್ನೇ ಲೋಡ್ ಮಾಡಿ.

ಈ ಅಂಕಿ ಎಲ್ಲಿಂದ ಬಂತು?

ಬೋರ್ಡ್ ಸರಿಯಿದ್ದರೆ ಮುಂದಿನ ಪ್ರಶ್ನೆ ಇದೊಂದೇ. ಪರದೆಯ ಮೇಲೆ ಕಾಣುವ ಅಂಕಿ ಒಂದೇ ಥರ ಇದ್ದರೂ ಅದು ಹುಟ್ಟುವ ಜಾಗ ಮೂರು: ಅಂದಾಜು, ಹುಡುಕಾಟ, ಟೇಬಲ್‌ಬೇಸ್.

ಅಂದಾಜು ಎಂದರೆ ಬೋರ್ಡನ್ನು ಒಮ್ಮೆ ನೋಡಿ ಬೆಲೆ ಕಟ್ಟುವುದು. 1950ರಲ್ಲಿ ಗಣಿತಜ್ಞ ಕ್ಲಾಡ್ ಶಾನನ್ ತಮ್ಮ ಪ್ರಬಂಧದಲ್ಲಿ ರಾಣಿಗೆ 9, ರೂಕ್‌ಗೆ 5, ಬಿಷಪ್ಪಿಗೂ ಕುದುರೆಗೂ 3, ಪಾನಿಗೆ 1 ಎಂದು ಲೆಕ್ಕ ಕೊಟ್ಟರು. ಅದರ ಮೇಲೆಯೇ ದಶಕಗಟ್ಟಲೆ ಮಹಡಿ ಕಟ್ಟಿದರು. ಈಗ ದೊಡ್ಡ ಎಂಜಿನ್‌ಗಳಲ್ಲಿ ಆ ಜಾಗಕ್ಕೆ ನರಜಾಲ (ನ್ಯೂರಲ್ ನೆಟ್‌ವರ್ಕ್) ಬಂದಿದೆ. ಸ್ಟಾಕ್‌ಫಿಶ್‌ಗೆ ಅದು ಸೇರಿದ್ದು 2020ರ ಸೆಪ್ಟೆಂಬರ್‌ನ 12ನೇ ಆವೃತ್ತಿಯಲ್ಲಿ. ನರಜಾಲವಾದರೂ ಅಂದಾಜು ಅಂದಾಜೇ. ಫೋನಿನ ಸಣ್ಣ ಆ್ಯಪ್‌ಗಳಲ್ಲಿ ಹಲವು ಇನ್ನೂ ಬಿಷಪ್ಪಿಗೆ ಮೂರು, ಪಾನಿಗೆ ಒಂದು, ಕೊಸರಿಗೆ ಅರ್ಧ ಎಂದು ಕೂಡಿಸುವಂಥವೇ.

ಹುಡುಕಾಟ ಎಂದರೆ ಮುಂದಿನ ನಡೆಗಳನ್ನು ಆಡಿ ನೋಡುವುದು. ಆದರೆ ಹುಡುಕಾಟ ಎಲ್ಲಿ ನಿಂತಿತೋ ಅಲ್ಲಿ ಮತ್ತೆ ಅಂದಾಜನ್ನೇ ಕೇಳಬೇಕು. ಟೇಬಲ್‌ಬೇಸ್ ಹಾಗಲ್ಲ. ಪ್ರತಿ ಸ್ಥಿತಿಯನ್ನೂ ಮೇಟ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದಿಟ್ಟ ಉತ್ತರ ಅದು, ತಕರಾರಿಗೆ ಜಾಗವಿಲ್ಲ.

ಯಾವುದು ಮಾತಾಡುತ್ತಿದೆ ಎಂದು ಪತ್ತೆಹಚ್ಚುವುದು ಕಷ್ಟವಲ್ಲ. ಎಂಜಿನ್ ಸಾಲಿನಲ್ಲಿ "ಟಿಬಿ ಹಿಟ್ಸ್" ಎಂಬ ಎಣಿಕೆ ಏರುತ್ತಿದ್ದರೆ ಟೇಬಲ್‌ಬೇಸ್ ಕೆಲಸದಲ್ಲಿದೆ. ಈಚಿನ ಸ್ಟಾಕ್‌ಫಿಶ್ ಆವೃತ್ತಿಗಳಲ್ಲಿ ಟೇಬಲ್‌ಬೇಸ್ ಗೆಲುವು 200ರ ಆಸುಪಾಸಿನ ವಿಚಿತ್ರ ಅಂಕಿಯಾಗಿ ಕಾಣುತ್ತದೆ, 199.9 ಎಂಬ ಥರ. ಅದನ್ನು ಕಂಡು ಸಾಫ್ಟ್‌ವೇರ್ ಕೆಟ್ಟಿತು ಅಂದುಕೊಂಡವರೂ ಇದ್ದಾರೆ. ಕೆಟ್ಟಿಲ್ಲ, ಅದಕ್ಕಿಂತ ಖಚಿತ ಉತ್ತರ ಬೇರೆಯಿಲ್ಲ. ಇನ್ನು ಆಳ (ಎಷ್ಟು ನಡೆ ಮುಂದೆ ನೋಡಿತು ಎಂಬ ಎಣಿಕೆ) 1ರಲ್ಲಿ ಬಂದ ಅಂಕಿಯೂ ಆಳ 30ರಲ್ಲಿ ಬಂದ ಅಂಕಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದು, ನಡುವೆ ಪಾನೂ ಕದಲಿಲ್ಲ ಅಂದರೆ ಮಾತಾಡುತ್ತಿರುವುದು ಅಂದಾಜು. ಅನುಮಾನ ಪಡಬೇಕಾದದ್ದು ಅಲ್ಲಿ.

"+1 ಎಂದರೆ ಒಂದು ಪಾನ್ ಮುಂದೆ" ಎಂಬ ಹಳೇ ಲೆಕ್ಕವನ್ನೂ ಬಿಡಿ. 2022ರ ಡಿಸೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ +1.00 ಎಂದರೆ ತನ್ನಷ್ಟೇ ಬಲದ ಎಂಜಿನ್ ಎದುರು ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು. ಒಂದು ಪಾನ್ ಮುಂದಿದ್ದೂ 0.3 ತೋರಿಸಿದರೆ ಅದು ದೋಷವಲ್ಲ.

ದೂರು: ಪ್ಲಸ್ ಭಾರಿ ಇದೆ, ಗೆಲ್ಲಲು ದಾರಿ ಇಲ್ಲ

ಹುಡುಗನ ಸ್ಥಿತಿಗೇ ಬರೋಣ. ಎಚ್ ಸಾಲಿನ ಪಾನ್ ರಾಣಿಯಾಗುವುದು ಎಚ್8ರಲ್ಲಿ, ಅದು ಕಪ್ಪು ಬಣ್ಣದ ಮನೆ. ಬಿಷಪ್ ಇ4ರಲ್ಲಿ, ಬಿಳಿ ಬಣ್ಣದ ಮನೆಯಲ್ಲಿ. ಅದು ಜನ್ಮದಲ್ಲಿ ಎಚ್8 ಮುಟ್ಟದು, ಮೂಲೆಯಲ್ಲಿ ಕೂತ ಕಪ್ಪು ರಾಜನನ್ನು ಎಬ್ಬಿಸಲಾರದು. ಎಂಜಿನ್‌ಗೆ ಇದು ಗೊತ್ತೇ ಇಲ್ಲವೋ ಎಂದು ತಿಳಿಯಲು ನಾನು ಮಾಡುವುದು ಇಷ್ಟೇ: ಬಿಷಪ್ಪನ್ನು ಇ4ರಿಂದ ಇ3ಕ್ಕೆ ಸರಿಸಿ ಮತ್ತೆ ಅಂಕಿ ನೋಡುತ್ತೇನೆ. ಇ3 ಕಪ್ಪು ಮನೆ; ಈಗ ಇದು ಸಲೀಸಾದ ಗೆಲುವು. ಒಂದು ಮನೆ ಸರಿಸಿದ್ದಕ್ಕೆ ಡ್ರಾ ಹೋಗಿ ಗೆಲುವಾಗಿದೆ. ಅಂಕಿ ಆಗಲೂ ಈಗಲೂ ನಾಲ್ಕೂವರೆಯೇ ಇದ್ದರೆ ಎಂಜಿನ್ ಕಾಯಿ ಎಣಿಸುತ್ತಿದೆ, ಸ್ಥಿತಿ ನೋಡುತ್ತಿಲ್ಲ. ಆ ಆ್ಯಪ್‌ನಲ್ಲಿ 4.5 ಹೋಗಿ 4.6 ಆಯಿತು. ಹುಡುಗ ನಕ್ಕ.

ಎರಡನೇ ಪರೀಕ್ಷೆ: ಎಂಜಿನ್‌ನ ಕೈಗೇ ಎರಡೂ ಕಡೆ ಕೊಟ್ಟು ಹದಿನೈದು ಇಪ್ಪತ್ತು ನಡೆ ಆಡಿಸಿ. ನಿಜವಾದ ಗೆಲುವಾದರೆ ಏನಾದರೂ ಆಗಲೇಬೇಕು: ಪಾನ್ ಮುಂದೆ ಹೋಗಬೇಕು, ಕಾಯಿ ಬೀಳಬೇಕು, ಅಂಕಿ ಏರಬೇಕು. ಬಿಷಪ್ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಗಿರಕಿ ಹೊಡೆಯುತ್ತಿದ್ದು ಅಂಕಿ ಕೂತಲ್ಲೇ ಕೂತಿದ್ದರೆ ಅದು ಡ್ರಾ. ಸ್ಟಾಕ್‌ಫಿಶ್‌ನಲ್ಲಿ ಇನ್ನೂ ಸ್ಪಷ್ಟ ಸುಳಿವು ಸಿಗುತ್ತದೆ. ಪಾನ್ ನಡೆಯದೆ, ಕಾಯಿ ಹೊಡೆಯದೆ ನಡೆಗಳು ಕಳೆದಂತೆ ಅದು ತನ್ನ ಅಂದಾಜನ್ನು ತಾನೇ ಸ್ವಲ್ಪ ಸ್ವಲ್ಪ ತಗ್ಗಿಸುತ್ತದೆ. ಹಾಗಾಗಿ ಮೂರು, ಎರಡೂ ಮುಕ್ಕಾಲು, ಎರಡೂವರೆ ಎಂದು ಪಂಕ್ಚರ್ ಆದ ಟೈರಿನ ಥರ ಅಂಕಿ ನಿಧಾನವಾಗಿ ಇಳಿಯುತ್ತಿದ್ದರೆ ಎದುರಾಳಿ ಕೋಟೆ ಕಟ್ಟಿ ಕೂತಿದ್ದಾನೆ ಎಂದೇ ತಿಳಿಯಿರಿ.

ಕಾಯಿ ಎಣಿಸುವ ಎಂಜಿನ್ ಎಡವುವ ಬೇರೆ ಜಾಗಗಳೂ ಇವೆ. ಒಂಟಿ ರಾಜನ ಎದುರು ಎರಡು ಕುದುರೆ: ಲೆಕ್ಕದಲ್ಲಿ ಆರು, ಮೇಟ್ ಮಾತ್ರ ಬಲವಂತವಾಗಿ ಆಗುವುದಿಲ್ಲ. ಮೋಜೆಂದರೆ ಎದುರಾಳಿಗೆ ಒಂದು ಪಾನ್ ಇದ್ದರೆ ಕೆಲವೊಮ್ಮೆ ಗೆಲ್ಲಬಹುದು, ಅವನಿಗೆ ಆಡಲು ನಡೆ ಉಳಿದಿರುತ್ತದೆ, ಸ್ಟೇಲ್‌ಮೇಟ್ ತಪ್ಪುತ್ತದೆ. ರೂಕ್ ಮತ್ತು ಬಿಷಪ್ ಎದುರು ಬರೀ ರೂಕ್ ಬಹುಪಾಲು ಡ್ರಾ. ವಿರುದ್ಧ ಬಣ್ಣದ ಬಿಷಪ್‌ಗಳಿದ್ದರೆ ಎರಡು ಪಾನ್ ಹೆಚ್ಚಿದ್ದೂ ಎಷ್ಟೋ ಸಲ ಡ್ರಾ. ರಾಣಿಯ ಎದುರು ಏಳನೇ ಸಾಲು ಮುಟ್ಟಿದ ಪಾನ್, ಅದು ಎ, ಸಿ, ಎಫ್, ಎಚ್ ಸಾಲಿನಲ್ಲಿದ್ದು ಗೆಲ್ಲಬೇಕಾದ ರಾಜ ದೂರದಲ್ಲಿದ್ದರೆ ಅದೂ ಡ್ರಾ.

ಇದರ ಅತಿರೇಕದ ಉದಾಹರಣೆ 2017ರಲ್ಲಿ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಹೆಸರಿನಲ್ಲಿ ಹೊರಬಂದ ಒಗಟು. ಬಿಳಿಗೆ ರಾಜ, ನಾಲ್ಕು ಪಾನ್. ಕಪ್ಪಿಗೆ ರಾಜ, ಪಾನ್‌ಗಳ ಜೊತೆಗೆ ರಾಣಿ, ಎರಡು ರೂಕ್, ಮೂರು ಬಿಷಪ್. ರಾಣಿಯೂ ರೂಕ್‌ಗಳೂ ಪಾನ್‌ಗಳ ಹಿಂದೆ ಸಿಕ್ಕಿಬಿದ್ದಿವೆ, ಮೂರು ಬಿಷಪ್‌ಗಳೂ ಕಪ್ಪು ಮನೆಯವು. ಬಿಳಿ ರಾಜ ಬಿಳಿ ಮನೆಗಳಲ್ಲಿ ಓಡಾಡಿಕೊಂಡಿದ್ದರೆ ಸಾಕು. ಎಂಜಿನ್‌ಗಳು ಕಪ್ಪಿಗೆ ಭಾರಿ ಗೆಲುವು ತೋರಿಸಿದವು. ಅಷ್ಟು ಕಾಯಿ ಇರುವಲ್ಲಿ ಟೇಬಲ್‌ಬೇಸ್‌ನ ಸಹಾಯವೂ ಇಲ್ಲ.

ಹಾಗೆಂದು ಎಲ್ಲ ಎಂಡ್‌ಗೇಮ್‌ನಲ್ಲೂ ಅನುಮಾನ ಬೇಡ. ಬರೀ ಪಾನ್‌ಗಳ ಆಟದಲ್ಲಿ ಆಡಬಹುದಾದ ನಡೆಗಳು ಕಡಿಮೆ, ಹುಡುಕಾಟ ಬಹಳ ಆಳಕ್ಕಿಳಿಯುತ್ತದೆ, ಎಂಜಿನ್ ಮಾತನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ ನೋಡಿದವರಿಗೆ ನೆನಪಿರಬೇಕು. ಡಿಂಗ್ ಲಿರೆನ್ 55ನೇ ನಡೆಗೆ ರೂಕನ್ನು ಎಫ್2ಕ್ಕೆ ತಂದರು. ಕಪ್ಪು ಆಡುತ್ತಿದ್ದ ಗುಕೇಶ್ ರೂಕ್ ಬದಲಿ ಮಾಡಿಕೊಂಡು ಬಿಷಪ್ಪನ್ನು ಡಿ5ಕ್ಕೆ ಇಟ್ಟರು. ಬಿಷಪ್‌ಗಳೂ ಹೋದ ಮೇಲೆ ಉಳಿದದ್ದು ರಾಜರು ಮತ್ತು ಪಾನ್‌ಗಳು. ಅದುವರೆಗೆ ನಡುವೆ ನಿಂತಿದ್ದ ಬಾರ್ ಒಂದೇ ಏಟಿಗೆ ಕಪ್ಪಾಯಿತು, ಆ ಸಲ ಅದು ಹೇಳಿದ್ದು ನಿಜ.

ದೂರು: ಟೇಬಲ್‌ಬೇಸ್ ಹಾಕಿದ್ದೇನೆ, ಏನೂ ವ್ಯತ್ಯಾಸವಿಲ್ಲ

ಕಂಪ್ಯೂಟರ್‌ನಲ್ಲಿ ಇಂದು ಹೆಚ್ಚಿನವರು ಬಳಸುವುದು ರೊನಾಲ್ಡ್ ಡಿ ಮಾನ್ 2013ರಲ್ಲಿ ಕೊಟ್ಟ ಸಿಝಿಜಿ ಟೇಬಲ್‌ಬೇಸ್. ಐದು ಕಾಯಿವರೆಗಿನದು (ರಾಜರೂ ಸೇರಿ) ಒಂದು ಜಿಬಿಗಿಂತ ಸ್ವಲ್ಪ ಕಡಿಮೆ, ಆರು ಕಾಯಿಯದು ಸುಮಾರು 150 ಜಿಬಿ. ಏಳಕ್ಕೆ ಹೋದರೆ 17-18 ಟೆರಾಬೈಟ್. ಅದು ಮನೆಯ ಮಾತಲ್ಲ. ಐದರದ್ದನ್ನು ಎಲ್ಲರೂ ಹಾಕಿಕೊಳ್ಳಲಿ. ಆರು ಬೇಕಾದರೆ ಎಸ್‌ಎಸ್‌ಡಿಯಲ್ಲಿಡಿ, ಹಳೇ ಹಾರ್ಡ್‌ಡಿಸ್ಕ್‌ನಲ್ಲಿಟ್ಟರೆ ಎಂಜಿನ್ ಅದನ್ನು ಕಾಯುತ್ತಲೇ ಕೂರುತ್ತದೆ.

ಎಂಜಿನ್ ಸೆಟ್ಟಿಂಗ್‌ನ "ಸಿಝಿಜಿ ಪಾತ್" ಜಾಗದಲ್ಲಿ ಫೋಲ್ಡರ್ ಹೆಸರು ಕೊಟ್ಟ ತಕ್ಷಣ, ಎಷ್ಟು ಪಟ್ಟಿ ಸಿಕ್ಕಿತು ಎಂದು ಸ್ಟಾಕ್‌ಫಿಶ್ ಒಂದು ಸಾಲು ಬರೆಯುತ್ತದೆ. ಐದು ಕಾಯಿವರೆಗೆ 145 ಪಟ್ಟಿ, ಆರರವರೆಗೆ 510. ಸೊನ್ನೆ ಬಂದರೆ ದಾರಿ ತಪ್ಪಿದೆ. ಝಿಪ್ ಬಿಚ್ಚಿದಾಗ ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿರುವುದು ಸಾಮಾನ್ಯ. ಎಂಜಿನ್ ಒಳಗಿನ ಫೋಲ್ಡರ್‌ಗೆ ಇಳಿದು ಹುಡುಕುವುದಿಲ್ಲ. ಎರಡು ಫೋಲ್ಡರ್ ಕೊಡುವುದಾದರೆ ವಿಂಡೋಸ್‌ನಲ್ಲಿ ನಡುವೆ ಅರ್ಧವಿರಾಮ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೋಲನ್. ನಾನು ಒಂದು ಭಾನುವಾರವಿಡೀ ಈ ಒಂದು ಚುಕ್ಕಿಗಾಗಿ ಕಳೆದಿದ್ದೇನೆ.

ಪ್ರತಿ ಪಟ್ಟಿಗೆ ಎರಡು ಫೈಲ್ ಇರಬೇಕು. ಒಂದು ಗೆಲುವೋ ಡ್ರಾವೋ ಸೋಲೋ ಎಂದಷ್ಟೇ ಹೇಳುತ್ತದೆ, ಹೆಸರಿನ ಕೊನೆಯಲ್ಲಿ ಡಬ್ಲ್ಯೂ. ಇನ್ನೊಂದು ಮುಂದಿನ ಹೊಡೆತಕ್ಕೋ ಪಾನ್ ನಡೆಗೋ ಇನ್ನೆಷ್ಟು ನಡೆ ಎಂದು ಹೇಳುತ್ತದೆ, ಕೊನೆಯಲ್ಲಿ ಝಡ್. ಜಾಗ ಉಳಿಸಲೆಂದು ಎರಡನೆಯದನ್ನು ಬಿಟ್ಟವರ ದೂರು ಯಾವಾಗಲೂ ಒಂದೇ: "ಗೆಲುವು ಅಂತ ಗೊತ್ತಿದೆ, ಆದರೆ ಗೆಲ್ಲೋದಿಲ್ಲ." ಗೆಲುವನ್ನು ಕೈಬಿಡದ ನಡೆಗಳೆಲ್ಲ ಅದಕ್ಕೆ ಸಮಾನ, ಮುಂದೆ ಹೋಗುವ ದಿಕ್ಕು ತಿಳಿಯದು.

ವಿಶ್ಲೇಷಣೆಯ ನಡುವೆ, ಅದೂ ಯಾವುದೋ ಒಂದು ಬಗೆಯ ಎಂಡ್‌ಗೇಮ್ ಬಂದಾಗಲೇ ಎಂಜಿನ್ ದಿಢೀರನೆ ಸತ್ತರೆ ಆ ಪಟ್ಟಿಯ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಸ್ಟಾಕ್‌ಫಿಶ್ ಫೈಲನ್ನು ತೆರೆಯುವುದು ಮೊದಲ ಸಲ ಬೇಕಾದಾಗ. ಗಾತ್ರ ಹೊಂದದಿದ್ದರೆ ಫೈಲ್ ಹೆಸರು ಬರೆದು ನಿಂತುಬಿಡುತ್ತದೆ. ಅದೊಂದನ್ನೇ ಮತ್ತೆ ಇಳಿಸಿಕೊಳ್ಳಿ, ಎಲ್ಲ ಅಳಿಸಬೇಕಿಲ್ಲ. ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಲಿಚೆಸ್ ಜಾಲತಾಣ ಇದೆ. ಏಳು ಕಾಯಿವರೆಗಿನ ಉತ್ತರ ಬ್ರೌಸರ್‌ನಲ್ಲೇ ಪುಕ್ಕಟೆ.

"ಮೊದಲು ಟೇಬಲ್‌ಬೇಸ್ ಇಲ್ಲದೆಯೂ ಸರಿಯಾಗಿ ಹೇಳುತ್ತಿತ್ತಲ್ಲ" ಎಂದು ಕೇಳುವವರ ನೆನಪು ಸುಳ್ಳಲ್ಲ. ಹಳೇ ಸ್ಟಾಕ್‌ಫಿಶ್‌ನ ಹೊಟ್ಟೆಯಲ್ಲೇ ರಾಜ-ಪಾನ್ ಎದುರು ರಾಜನ ಪೂರ್ತಿ ಪಟ್ಟಿ ಇತ್ತು. ಎಡಬಲ ಒಂದೇ ಎಂದು ಪಾನಿಗೆ 24 ಮನೆ, ರಾಜರಿಗೆ ತಲಾ 64, ಸರದಿಗೆ 2, ಗುಣಿಸಿದರೆ 1,96,608. ಒಂದಕ್ಕೊಂದು ಬಿಟ್‌ನಂತೆ ಬರೀ 24 ಕೆಬಿ. ತಪ್ಪು ಬಣ್ಣದ ಬಿಷಪ್ಪಿಗೆ, ಕುದುರೆ-ಬಿಷಪ್ ಮೇಟ್‌ಗೆ ಕೈಯಾರೆ ಬರೆದ ನಿಯಮಗಳೂ ಇದ್ದವು. 2023ರಲ್ಲಿ ಹಳೇ ಮೌಲ್ಯಮಾಪನವನ್ನು ಕಿತ್ತಾಗ ಇವೂ ಹೋದವು. ಆಟದ ಬಲಕ್ಕೆ ಅದರಿಂದ ನಷ್ಟವಿಲ್ಲವೆಂದು ತೆಗೆದರು, ಸರಿ. ಕಲಿಸುವವನಾದ ನನಗೆ ಮಾತ್ರ ಆ 24 ಕೆಬಿ ಬಗ್ಗೆ ಸ್ವಲ್ಪ ಹೊಟ್ಟೆಯುರಿ ಇದೆ.

ದೂರು: ಟೇಬಲ್‌ಬೇಸ್ ಗೆಲುವು ಎನ್ನುತ್ತದೆ, ಆಟ ಡ್ರಾ ಆಯಿತು

ಐವತ್ತು ನಡೆಯ ನಿಯಮ. ಎರಡು ಬಿಷಪ್ ಎದುರು ಒಂದು ಕುದುರೆ ಡ್ರಾ ಎಂದು ನೂರು ವರ್ಷಕ್ಕೂ ಮೇಲೆ ನಂಬಿದ್ದರು. 1983ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಕಂಪ್ಯೂಟರ್‌ನಿಂದ ಲೆಕ್ಕ ಹಾಕಿಸಿ ಅದು ಸಾಮಾನ್ಯವಾಗಿ ಗೆಲುವು ಎಂದು ತೋರಿಸಿದರು, ಆದರೆ ಕುದುರೆ ಹೊಡೆಯಲು 66 ನಡೆಯವರೆಗೂ ಬೇಕಾಗಬಹುದು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಕೆಲವು ಎಂಡ್‌ಗೇಮ್‌ಗಳಿಗೆ ಮಿತಿಯನ್ನು ಹಿಗ್ಗಿಸಿ ನೋಡಿ, 1992ರಲ್ಲಿ ಎಲ್ಲಕ್ಕೂ ಮತ್ತೆ 50 ಮಾಡಿತು. ಆದ್ದರಿಂದ ಸಿಝಿಜಿಯಲ್ಲಿ ಉತ್ತರ ಮೂರಲ್ಲ, ಐದು: ಗೆಲುವು, ಐವತ್ತರ ನಿಯಮ ತಡೆಯುವ ಗೆಲುವು, ಡ್ರಾ, ಅದೇ ನಿಯಮ ಉಳಿಸುವ ಸೋಲು, ಸೋಲು. ಎಂಜಿನ್‌ನ ಐವತ್ತರ ನಿಯಮದ ಸೆಟ್ಟಿಂಗ್ ಆಫ್ ಆಗಿದ್ದರೆ ಎರಡನೆಯದನ್ನೂ ಗೆಲುವು ಎಂದೇ ತೋರಿಸುತ್ತದೆ. ಆನ್ ಮಾಡಿ.

ಇದರ ಜೊತೆಗೇ ಬರುವ ಇನ್ನೊಂದು ಗುಮಾನಿ: "ಗೆಲ್ಲುತ್ತಿದ್ದದ್ದು ಸುಮ್ಮನೆ ಕಾಯಿ ಕೊಟ್ಟಿತು." ಸಿಝಿಜಿ ಅಳೆಯುವುದು ಮೇಟ್‌ಗೆ ಇರುವ ದೂರವನ್ನಲ್ಲ, ಐವತ್ತರ ಎಣಿಕೆ ಸೊನ್ನೆಯಾಗುವ ಮುಂದಿನ ನಡೆಗಿರುವ ದೂರವನ್ನು. ಅದಕ್ಕಾಗಿ ಕಾಯಿ ಕೊಟ್ಟೂ ಬಿಡುತ್ತದೆ. ಗೆಲುವು ಕೈಬಿಡುವುದಿಲ್ಲ, ನೋಡಲು ಮಾತ್ರ ಅಸಹ್ಯ. ಮಕ್ಕಳಿಗೆ ತೋರಿಸಬೇಡಿ.

ದೂರು: 0.00 ಅನ್ನುತ್ತದೆ, ಗೆಲುವು ನನಗೇ ಕಾಣುತ್ತಿದೆ

ಅಪರೂಪ, ಆದರೆ ಇದೆ. ಹುಡುಕಾಟ ಬೇಗ ಸಾಗಲೆಂದು ಎಂಜಿನ್‌ಗಳು ಒಂದು ಅಡ್ಡದಾರಿ ಹಿಡಿಯುತ್ತವೆ: "ನಾನು ಈ ಸರದಿ ಸುಮ್ಮನಿದ್ದರೂ ಚೆನ್ನಾಗಿದ್ದರೆ, ಆಡಿದರೆ ಇನ್ನೂ ಚೆನ್ನಾಗಿರುತ್ತೇನೆ." ಆಡಲೇಬೇಕಾದದ್ದೇ ಕುತ್ತಾಗುವ ಸ್ಥಿತಿಯಲ್ಲಿ, ಅಂದರೆ ಜುಗ್‌ಜ್ವಾಂಗ್‌ನಲ್ಲಿ, ಈ ತರ್ಕ ಮುರಿದುಬೀಳುತ್ತದೆ. ಬರೀ ರಾಜ-ಪಾನ್ ಇರುವವನಿಗೆ ಸ್ಟಾಕ್‌ಫಿಶ್ ಈ ದಾರಿ ಹಿಡಿಯುವುದಿಲ್ಲ. ಒಂದು ಕುದುರೆಯೋ ಬಿಷಪ್ಪೋ ಉಳಿದಿದ್ದರೆ ಹಿಡಿದೀತು. ಹೀಗನಿಸಿದರೆ ನೀವೇ ಎರಡು ಮೂರು ನಡೆ ಮುಂದೆ ಆಡಿ ನೋಡಿ. ಅಂಕಿ ಜಿಗಿದರೆ ಅಲ್ಲಿಂದ ಒಂದೊಂದೇ ನಡೆ ಹಿಂದಕ್ಕೆ ಬನ್ನಿ, ಎಂಜಿನ್ ಕಂಡದ್ದನ್ನು ನೆನಪಿಟ್ಟುಕೊಂಡು ಹಿಂದಿನ ಸ್ಥಿತಿಯನ್ನೂ ತಿದ್ದಿಕೊಳ್ಳುತ್ತದೆ. ಹ್ಯಾಶ್ ಅಳಿಸಬೇಡಿ, ಆ ನೆನಪು ಇರುವುದು ಅಲ್ಲೇ.

ಎಲ್ಲ ಸರಿಹೋಯಿತೇ ಎಂದು ನೋಡಲು

ಬಿಳಿ ರಾಜ ಬಿ6, ಪಾನ್ ಸಿ6. ಕಪ್ಪು ರಾಜ ಎ1, ರೂಕ್ ಡಿ5. ಬಿಳಿಯ ಸರದಿ. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರಲ್ಲಿ ಡ್ರಾ ಎಂದು ಅಚ್ಚಾಗಿದ್ದ ಸ್ಥಿತಿಯಿಂದ ಬಂದದ್ದು ಇದು. ಅದರಲ್ಲಿ ಗೆಲುವಿದೆ ಎಂದು ಕಂಡವರು ಆ ಊರಲ್ಲಿದ್ದ ಫರ್ನಾಂಡೊ ಸಾವೆದ್ರಾ ಎಂಬ ಪಾದ್ರಿ. ಪಾನ್ ಸಿ7ಕ್ಕೆ ಬರುತ್ತದೆ, ರೂಕ್ ಡಿ6ರಿಂದ ಚೆಕ್ ಕೊಡುತ್ತದೆ. ರಾಜ ಬಿ5, ಬಿ4, ಬಿ3 ಎಂದು ಇಳಿಯುತ್ತ ಸಿ2 ಸೇರುತ್ತಾನೆ, ರೂಕ್ ಡಿ4ಕ್ಕೆ ಬಂದು ಕಾಯುತ್ತದೆ. ಈಗ ಸಿ8ರಲ್ಲಿ ರಾಣಿ ಮಾಡಿದರೆ ರೂಕ್ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಹೊಡೆದರೆ ಸ್ಟೇಲ್‌ಮೇಟ್. ರೂಕ್ ಮಾಡಬೇಕು. ಎ8ರಿಂದ ಚೆಕ್ ತಪ್ಪಿಸಲು ಕಪ್ಪು ರೂಕ್ ಎ4ಕ್ಕೆ ಹೋಗಲೇಬೇಕು, ಆಗ ರಾಜ ಬಿ3ಕ್ಕೆ ಬಂದರೆ ರೂಕಿಗೂ ಪೆಟ್ಟು, ಸಿ1ರಲ್ಲಿ ಮೇಟೂ ಸಿದ್ಧ.

ನಾಲ್ಕೇ ಕಾಯಿ. ಟೇಬಲ್‌ಬೇಸ್ ಕೂತಿದ್ದರೆ ಎಂಜಿನ್ ತಡಮಾಡದೆ ಗೆಲುವು ಅನ್ನಬೇಕು, ಆರನೇ ನಡೆಗೆ ರೂಕ್ ತೋರಿಸಬೇಕು. ಹುಡುಗನ ಫೋನಿನಲ್ಲೂ ಇಟ್ಟು ನೋಡಿದೆವು. ಆರನೇ ನಡೆಯಲ್ಲಿ ಆ ಆ್ಯಪ್ ರಾಣಿ ಮಾಡಲು ಹೇಳಿ +3.8 ಅಂತ ಬರೆಯಿತು.

"ಸರ್, ಇದನ್ನ ತೆಗೆದುಬಿಡ್ಲಾ?"

"ಅದಕ್ಕೆ ಮೊದ್ಲು ಆ ಬಿಷಪ್ ಆಟ ಇನ್ನೊಂದ್ಸಲ ಹಚ್ಚು. ಈ ಸಲ ಕಪ್ಪು ನಿಂದು."